ಬಳೆ ದುಡ್ಡಿನ ಬೆಂಗಳೂರು

ಬೆಂಗಳೂರನ್ನು ಒಂದು ಕಾಲದಲ್ಲಿ ಮೂರು ಲಕ್ಷ ರೂಪಾಯಿಗೆ ಮಾರಿದ್ದರು ಅನ್ನೋದು ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರತ್ತೆ. ಸಿಲ್ಕ್ ಬೋರ್ಡ್ ಹತ್ತಿರ ಟ್ರಾಫಿಕ್ಕಲ್ಲಿ ಸಿಕ್ಕಿಹಾಕಿಕೊಂಡಾಗೆಲ್ಲ "ಮಾರಿದವನೇ ಬುದ್ಧಿವಂತ" ಅಂತ ನಾನೇ ಎಷ್ಟೋ ಸಲ ಜೋಕು ಹೊಡೆದಿದ್ದೇನೆ. ಆದರೆ ಮಾರಿದವರ ಊರನ್ನು ನೋಡಿರಲಿಲ್ಲ. ಕಳೆದ ತಿಂಗಳು ಒಂದು ಶನಿವಾರ, ಭಾನುವಾರ ಇಬ್ಬರಿಗೂ ಒಟ್ಟಿಗೆ ರಜೆ ಸಿಕ್ಕಿತು. ಶುಕ್ರವಾರ ರಾತ್ರಿ ರೈಲು ಹತ್ತಿ ತಂಜಾವೂರಿಗೆ ಹೋಗಿಬಂದೆವು.

ನನ್ನವಳಿಗೆ ದೊಡ್ಡ ದೇವಸ್ಥಾನ ನೋಡಬೇಕಿತ್ತು. ನನಗೆ ಅರಮನೆಯ ಸರಸ್ವತಿ ಮಹಲ್ ಗ್ರಂಥಾಲಯ. ಇನ್ನೊಂದು ಕಾರಣವೂ ಇತ್ತು, ಹೇಳಿಬಿಡುತ್ತೇನೆ. ಅದರ ಹಿಂದಿನ ವಾರ ಊರಿಂದ ಅಪ್ಪ ಫೋನ್ ಮಾಡಿದ್ದರು. ನಮ್ಮದು ಚನ್ನಗಿರಿ ತಾಲ್ಲೂಕು. ಎರಡು ಎಕರೆ ಅಡಿಕೆ ತೋಟ ಇದೆ. "ಒಂದು ಪಾರ್ಟಿ ಬಂದೈತೆ, ಒಳ್ಳೆ ರೇಟಿಗೆ ಕೇಳ್ತಿದಾರೆ. ನನ್ ಕೈಲಿ ಇನ್ನು ಆಗಲ್ಲ. ನೀನು ಬಂದು ನೋಡ್ಕೊಳಂಗಿದ್ರೆ ಹೇಳು, ಇಲ್ಲಾಂದ್ರೆ ಕೊಟ್ಬಿಡ್ತೀನಿ" ಅಂದರು. ನಾನು ಯಾವಾಗ ಬಂದು ನೋಡಿಕೊಳ್ಳಲಿ? "ಸೋಮವಾರ ಹೇಳ್ತೀನಪ್ಪ" ಅಂದು ಫೋನಿಟ್ಟೆ. ಆ ಸೋಮವಾರದ ತನಕ ಎಲ್ಲಾದರೂ ಹೋಗಿರೋಣ ಅನ್ನಿಸಿತ್ತು, ಅಷ್ಟೇ.

ಇರಲಿ, ಮೊದಲು ಹೊಟ್ಟೆ ವಿಷಯ. ಬೆಳಗಿನ ಜಾವ ಇನ್ನೂ ಕತ್ತಲಿರುವಾಗಲೇ ರೈಲು ಇಳಿದೆವು. ಸ್ಟೇಷನ್ ಹೊರಗೆ ಒಂದು ಚಿಕ್ಕ ಹೋಟೆಲಿನಲ್ಲಿ ಹಿತ್ತಾಳೆಯ ಲೋಟ-ದವರದಲ್ಲಿ ಡಿಕಾಕ್ಷನ್ ಕಾಫಿ. ಕುಂಭಕೋಣಂ ಡಿಗ್ರಿ ಕಾಫಿ ಅಂತ ಬೆಂಗಳೂರು ಹೈವೇಯ ಬೋರ್ಡುಗಳಲ್ಲಿ ಓದಿದ್ದೆ, ಅದರ ಸೀಮೆ ಇದೇ. ಕಾಫಿ ಬೆಳೆಯೋದು ನಮ್ಮ ಚಿಕ್ಕಮಗಳೂರಲ್ಲಿ, ಹೆಸರು ಮಾಡಿದ್ದು ಇವರು. ಆಮೇಲೆ ಪೊಂಗಲ್, ಅದರ ಮೇಲೆ ತುಪ್ಪದಲ್ಲಿ ಕರಿದ ಇಡೀ ಮೆಣಸು. ನನ್ನವಳು ಬೆಳಗಾವಿ ಕಡೆಯವಳು, ಜೋಳದ ರೊಟ್ಟಿ ಇಲ್ಲದ ಊರನ್ನು ಊರು ಅಂತಲೇ ಒಪ್ಪುವವಳಲ್ಲ. ಅವಳೂ ಎರಡನೇ ಸಲ ಹಾಕಿಸಿಕೊಂಡಳು :-)

ಬಿಸಿಲೇರುವ ಮೊದಲೇ ದೇವಸ್ಥಾನಕ್ಕೆ ಹೋದೆವು. ರಾಜರಾಜ ಚೋಳ ಕಟ್ಟಿಸಿ 1010ರಲ್ಲಿ ಮುಗಿಸಿದ ಬೃಹದೀಶ್ವರ. ವಿಮಾನದ ಎತ್ತರ 200 ಅಡಿಗೂ ಮೇಲೆ. ಫೋಟೋಗಳಲ್ಲಿ ಎಲ್ಲರೂ ನೋಡಿರುತ್ತೀರಿ, ಅದನ್ನು ವರ್ಣಿಸುತ್ತಾ ಕೂರುವುದಿಲ್ಲ. ನನಗೆ ಹಿಡಿಸಿದ್ದು ಗೋಡೆಯ ಬುಡ. ಅಧಿಷ್ಠಾನದ ಸುತ್ತ ಒಂದಿಂಚೂ ಬಿಡದಂತೆ ತಮಿಳು ಅಕ್ಷರ. ಯಾರು ಎಷ್ಟು ಚಿನ್ನ ಕೊಟ್ಟರು, ದೀಪಕ್ಕೆ ತುಪ್ಪ ಕೊಡಲು ಯಾರಿಗೆ ಎಷ್ಟು ದನ ವಹಿಸಲಾಯಿತು, ಎಲ್ಲದರ ಲೆಕ್ಕ. ಬೇರೆ ಬೇರೆ ಊರುಗಳಿಂದ ಕರೆತಂದ 400 ನರ್ತಕಿಯರ ಹೆಸರು, ಅವರ ಮೂಲ ಊರು, ಇಲ್ಲಿ ಕೊಟ್ಟ ಮನೆ ಯಾವ ಬೀದಿಯ ಯಾವ ಸಾಲಿನಲ್ಲಿ ಎಷ್ಟನೆಯದು ಅನ್ನೋದೂ ಇದೆ. ಸಾವಿರ ವರ್ಷದ ಹಿಂದಿನ ಡೇಟಾಬೇಸು. ನಮ್ಮ ಆಫೀಸಲ್ಲಿ ಮೂರು ವರ್ಷದ ಹಿಂದಿನ ಡಾಕ್ಯುಮೆಂಟು ಹುಡುಕಿದರೆ ಸಿಗುವುದಿಲ್ಲ.

ಆ ಲೆಕ್ಕದಲ್ಲಿ ನಮ್ಮ ಕಡೆಯ ದುಡ್ಡೂ ಇದೆ. ಚಾಲುಕ್ಯ ಸತ್ಯಾಶ್ರಯನನ್ನು ಸೋಲಿಸಿ ತಂದ ಸಂಪತ್ತಿನಿಂದ ಮಾಡಿಸಿದ ಚಿನ್ನದ ಹೂವುಗಳನ್ನು ದೇವರಿಗೆ ಅರ್ಪಿಸಿದ್ದಾಗಿ ರಾಜರಾಜ ಬರೆಸಿದ್ದಾನೆ. ಅದೇ ಯುದ್ಧದ ಬಗ್ಗೆ ನಮ್ಮ ಹಾವೇರಿ ಜಿಲ್ಲೆಯ ಹೊಟ್ಟೂರಿನಲ್ಲಿ 1007ರ ಶಾಸನ ಇದೆ. ಅದರಲ್ಲಿ ಚೋಳರ ಸೈನ್ಯ ಹೆಂಗಸರು ಮಕ್ಕಳೆನ್ನದೆ ಕೊಂದು ನಾಡನ್ನು ಕೊಳ್ಳೆ ಹೊಡೆಯಿತು ಅಂತಿದೆ. ಒಂದೇ ಘಟನೆ, ಇಲ್ಲಿ ಚಿನ್ನದ ಹೂವು, ಅಲ್ಲಿ ಹೆಣ. ಎರಡನ್ನೂ ಓದಿಕೊಂಡು ಆ ವಿಮಾನದ ಕೆಳಗೆ ನಿಂತರೆ ಮೆಚ್ಚುಗೆಯೇನೂ ಕಡಿಮೆಯಾಗುವುದಿಲ್ಲ. ಆದರೆ ಒಂಥರಾ ಆಗತ್ತೆ.

ನಾನು ಹುಡುಕಿಕೊಂಡು ಹೋಗಿದ್ದ ಶಾಸನ ಅದಲ್ಲ. ಪ್ರಾಕಾರದ ನೈಋತ್ಯ ಭಾಗದ ಗೋಡೆಯಲ್ಲಿ ತಮಿಳು ಮುಗಿದು ದಿಢೀರನೆ ಮರಾಠಿ ಶುರುವಾಗುತ್ತದೆ. 1803ರಲ್ಲಿ ಎರಡನೇ ಸರ್ಫೋಜಿ ಕೆತ್ತಿಸಿದ ಭೋಸಲೆ ವಂಶದ ಚರಿತ್ರೆ. ಕಲ್ಲಿನ ಮೇಲೆ ಒಂದು ಪುಸ್ತಕವನ್ನೇ ಬರೆದಷ್ಟು ಉದ್ದ. ಬಂದವರೆಲ್ಲ ವಿಮಾನ ನೋಡುತ್ತಾರೆ, ನಂದಿಯ ಮುಂದೆ ಸೆಲ್ಫಿ ತೆಗೆದುಕೊಳ್ಳುತ್ತಾರೆ, ಈ ಮೂಲೆಗೆ ಬರುವವರು ಕಡಿಮೆ. ನನ್ನವಳಿಗೆ ಅಷ್ಟಿಷ್ಟು ಮರಾಠಿ ಬರುತ್ತದೆ. ಅಕ್ಷರದ ಮೇಲೆ ಬೆರಳು ತೋರಿಸುತ್ತಾ "ಶಹಾಜಿ... ಏಕೋಜಿ... ಏ, ಇವ್ರು ನಮ್ಮ ಕಡೆದವರ ಇದ್ದಂಗದಾರ" ಅಂದಳು.

ನಮ್ಮ ಕಡೆಯವರೇ. ನನಗೆ ಈ ಹುಚ್ಚು ಹತ್ತಿದ್ದೂ ಅದಕ್ಕೇ. ನಮ್ಮೂರಿಂದ ಸ್ವಲ್ಪ ದೂರದಲ್ಲಿ ಹೊದಿಗೆರೆ ಅಂತ ಊರಿದೆ. ಹೈಸ್ಕೂಲಲ್ಲಿದ್ದಾಗ ಸೈಕಲ್ ತುಳಿದುಕೊಂಡು ಹೋಗಿದ್ದೆವು. ಅಲ್ಲೊಂದು ಸಮಾಧಿ. ಶಿವಾಜಿಯ ಅಪ್ಪ ಶಹಾಜಿಯದ್ದು. 1664ರ ಜನವರಿಯಲ್ಲಿ ಬೇಟೆಗೆ ಹೋದಾಗ ಕುದುರೆಯಿಂದ ಬಿದ್ದು ತೀರಿಕೊಂಡ. ಎಷ್ಟು ಸಾದಾ ಅಂದರೆ, ನಾವು ಅದರ ಪಕ್ಕದಲ್ಲೇ ಕೂತು ಚುರುಮುರಿ ತಿಂದು ವಾಪಸ್ ಬಂದಿದ್ದೆವು. ಆಗ ಅದರ ಬೆಲೆ ಗೊತ್ತಿರಲಿಲ್ಲ.

ಕಥೆ ಹೀಗೆ. 1638ರಲ್ಲಿ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್ ಬೆಂಗಳೂರನ್ನು ಮೂರನೇ ಕೆಂಪೇಗೌಡನಿಂದ ಗೆದ್ದುಕೊಂಡ. ಅವನ ಜೊತೆಗಿದ್ದ ಶಹಾಜಿಗೆ ಬೆಂಗಳೂರು ಜಹಗೀರಾಗಿ ಬಂತು. ಶಹಾಜಿ ಸತ್ತ ಮೇಲೆ ಅದು ಎರಡನೇ ಹೆಂಡತಿಯ ಮಗ ಏಕೋಜಿಗೆ. ಇವನಿಗೆ ವೆಂಕೋಜಿ ಅಂತಲೂ ಹೆಸರು, ಶಿವಾಜಿಯ ಮಲತಮ್ಮ. ನಮ್ಮ ಮಲ್ಲೇಶ್ವರದ ಕಾಡು ಮಲ್ಲೇಶ್ವರ ದೇವಸ್ಥಾನಕ್ಕೆ ಮೇದರನಿಂಗನಹಳ್ಳಿ ಅನ್ನೋ ಊರನ್ನು 1669ರಲ್ಲಿ ದತ್ತಿ ಬಿಟ್ಟವನು ಇದೇ ಏಕೋಜಿ. ಅಂದರೆ ಮೂವತ್ತೇಳು, ಮೂವತ್ತೆಂಟು ವರ್ಷ ನಮ್ಮ ಊರು ಇವರ ಮನೆ. ಕೆಂಪೇಗೌಡರ ಕಾಲ, ಮೈಸೂರು ಒಡೆಯರ ಕಾಲ ಅಂತ ಓದುವಾಗ ನಡುವಿನ ಈ ಕಾಲವನ್ನು ನಾವು ಒಂದೇ ಸಾಲಲ್ಲಿ ದಾಟಿಬಿಡುತ್ತೇವೆ.

ಇತ್ತ ತಂಜಾವೂರಿನಲ್ಲಿ ತೆಲುಗು ನಾಯಕರ ಆಳ್ವಿಕೆ. 1673ರಲ್ಲಿ ಮಧುರೆಯ ಚೊಕ್ಕನಾಥ ನಾಯಕ ದಂಡೆತ್ತಿ ಬಂದ. ಮುದುಕ ವಿಜಯರಾಘವ ನಾಯಕ ಅಂತಃಪುರದ ಹೆಂಗಸರು ಶತ್ರುಗಳ ಕೈಗೆ ಸಿಗಬಾರದು ಅಂತ ಮದ್ದಿಟ್ಟು ಸಿಡಿಸುವ ಏರ್ಪಾಡು ಮಾಡಿ ತಾನು ಯುದ್ಧಕ್ಕೆ ಹೋಗಿ ಸತ್ತ. ಆ ವಂಶದಲ್ಲಿ ಉಳಿದ ಹುಡುಗನ ಪರವಾಗಿ ಕೆಲವರು ಬಿಜಾಪುರಕ್ಕೆ ಓಡಿ ಸಹಾಯ ಕೇಳಿದರು. ಬಿಜಾಪುರದ ಸುಲ್ತಾನ ಬೆಂಗಳೂರಿನಲ್ಲಿದ್ದ ಏಕೋಜಿಗೆ "ಹೋಗಿ ಆ ಹುಡುಗನನ್ನು ಪಟ್ಟಕ್ಕೆ ಕೂರಿಸಿ ಬಾ" ಅಂತ ಹುಕುಂ ಕಳಿಸಿದ. ಹೋದ, ಕೂರಿಸಿದ. ಆಮೇಲೆ ಹುಡುಗನನ್ನು ಇಳಿಸಿ ತಾನೇ ಕೂತ. 1670ರ ದಶಕದ ನಡುವಿಗೆ ಬೆಂಗಳೂರಿನ ಜಹಗೀರುದಾರ ತಂಜಾವೂರಿನ ರಾಜನಾಗಿದ್ದ. ಆನ್‌ಸೈಟ್‌ಗೆ ಅಂತ ಹೋದವರು ಅಲ್ಲೇ ಸೆಟ್ಲ್ ಆಗೋದು ನಮ್ಮ ಕಾಲದ್ದೇ ಅಂದುಕೊಂಡಿದ್ದೆ.

ಏಕೋಜಿ ಯಾಕೆ ವಾಪಸ್ ಬರಲಿಲ್ಲ ಅನ್ನೋದಕ್ಕೆ ಇತಿಹಾಸದ ಪುಸ್ತಕ ಬೇಕಿಲ್ಲ. ಸಂಜೆ ಆಟೋದಲ್ಲಿ ಊರ ಹೊರಗೆ ಒಂದು ಸುತ್ತು ಹೊಡೆದರೆ ಸಾಕು. ಕಣ್ಣು ಹಾಯುವಷ್ಟು ದೂರ ಗದ್ದೆ, ಕಾಲುವೆ, ಮತ್ತೆ ಗದ್ದೆ. ಒಂದು ಗುಡ್ಡ ಇಲ್ಲ, ಬಂಡೆ ಇಲ್ಲ. ಕೆರೆ ತುಂಬಿದರೆ ಉಂಟು, ಇಲ್ಲದಿದ್ದರೆ ಇಲ್ಲ ಅನ್ನುವ ಬೆಂಗಳೂರಿನ ರಾಗಿ ಹೊಲ ನೋಡಿದವನ ಕಣ್ಣಿಗೆ ಈ ಕಾವೇರಿ ಬಯಲು ಹೇಗೆ ಕಂಡಿರಬೇಡ!

1677ರಲ್ಲಿ ಅಣ್ಣ ಬಂದ. ಪಟ್ಟಾಭಿಷೇಕ ಮಾಡಿಕೊಂಡು ಛತ್ರಪತಿಯಾಗಿದ್ದ ಶಿವಾಜಿ ದೊಡ್ಡ ಸೈನ್ಯದೊಂದಿಗೆ ದಕ್ಷಿಣಕ್ಕೆ ಬಂದು ಜಿಂಜಿಯನ್ನು ಹಿಡಿದ. ಕೊಳ್ಳಿಡಂ ನದಿಯ ಉತ್ತರ ದಡದ ತಿರುಮಳವಾಡಿಯಲ್ಲಿ ಬೀಡುಬಿಟ್ಟು ತಮ್ಮನನ್ನು ಕರೆಸಿದ. ವಿಷಯ ಏನಪ್ಪಾ ಅಂದರೆ ಅಪ್ಪನ ಆಸ್ತಿ. ಪಾಲು ಕೊಡು ಅಂದ. ನಮ್ಮ ಮನೆಗಳಲ್ಲಿ ನಡೆಯುವಂಥದ್ದೇ ಮಾತುಕತೆ, ಕೋರ್ಟಿನ ಬದಲು ಕುದುರೆಸೈನ್ಯ ಇತ್ತು ಅಷ್ಟೇ. ಕೆಲವು ದಿನ ಹಾಗೂ ಹೀಗೂ ತಳ್ಳಿದ ಏಕೋಜಿ ಒಂದು ರಾತ್ರಿ ಯಾರಿಗೂ ಹೇಳದೆ ಹೊಳೆ ದಾಟಿ ತಂಜಾವೂರಿಗೆ ಪರಾರಿ! ಶಿವಾಜಿ ತಮ್ಮನ ಬೆನ್ನು ಹತ್ತಲಿಲ್ಲ. ಕೊಳ್ಳಿಡಂನ ಉತ್ತರಕ್ಕಿದ್ದ ತಮ್ಮನ ಸೀಮೆಯನ್ನೂ, ಕರ್ನಾಟಕದಲ್ಲಿದ್ದ ಅಪ್ಪನ ಜಹಗೀರನ್ನೂ ವಶಕ್ಕೆ ತೆಗೆದುಕೊಂಡ. ಆಮೇಲೆ ಏಕೋಜಿ ಅಣ್ಣನ ಸೈನ್ಯದ ಮೇಲೆ ಬಿದ್ದು ಸೋತು, ಕೊನೆಗೆ ರಾಜಿ ಆಯಿತು.

ಆ ರಾಜಿಯ ಕರಾರಿನ ಕಲಮುಗಳು ಮರಾಠಿ ಬಖರಿನಲ್ಲಿ ಉಳಿದಿವೆ. ನಾನು ಅದರ ಇಂಗ್ಲಿಷ್ ಸಾರಾಂಶವನ್ನು ರೈಲಿನಲ್ಲಿ ಮೊಬೈಲಿನಲ್ಲಿ ಓದಿಕೊಂಡಿದ್ದೆ. ಮಧ್ಯಾಹ್ನ ಊಟಕ್ಕೆ ಕೂತಾಗ ಅವಳಿಗೆ ಹೇಳಿದೆ. ಏಕೋಜಿಯ ಹೆಂಡತಿ ದೀಪಾಬಾಯಿ. ಗಂಡನಿಗೆ ಬುದ್ಧಿ ಹೇಳಿ ರಾಜಿ ಮಾಡಿಸಿದ್ದು ಅವಳೇ ಅನ್ನುತ್ತಾರೆ. ಶಿವಾಜಿ ಬೆಂಗಳೂರು, ಹೊಸಕೋಟೆ, ಶಿರಾ ಸೀಮೆಯನ್ನು ನಾದಿನಿಯಾದ ಅವಳ ಹೆಸರಿಗೆ ಬಿಟ್ಟುಕೊಟ್ಟ. ಏನಂತ? ಕುಪ್ಪಸ-ಬಳೆಯ ಖರ್ಚಿಗೆ! ಅದು ಹೆಣ್ಣುಮಕ್ಕಳ ಸಾಲಿನಲ್ಲೇ ಮುಂದುವರಿಯಬೇಕು, ಆಡಳಿತ ಏಕೋಜಿ ನೋಡಿಕೊಂಡರೂ ಅನುಭವಿಸುವವಳು ಅವಳು, ಅಂತ ಕರಾರು.

ಬಾಳೆಲೆಯ ಮೇಲೆ ಅನ್ನಕ್ಕೆ ಗುಂಡಿ ಮಾಡುತ್ತಿದ್ದವಳು ಕೈ ನಿಲ್ಲಿಸಿದಳು. "ತಡಿ ತಡಿ. ಹಂಗಾರ ಬೆಂಗಳೂರು ಆಕಿದಾತಲ್ಲ?"

"ಹೂಂ."

"ಮತ್ತ ಆಕಿ ಬಳಿ ರೊಕ್ಕದ ಊರನ್ನ ಗಂಡ ಹೆಂಗ ಮಾರಿದ?"

ನಿಜ ಹೇಳುತ್ತೇನೆ, ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಅಷ್ಟರಲ್ಲಿ ಬಡಿಸುವವನು ಸಾಂಬಾರಿನ ಬಕೆಟ್ ಹಿಡಿದು ಬಂದ. ಬಚಾವಾದೆ.

ಸಾಂಬಾರಿಗೂ ಈ ಅರಮನೆಗೂ ಒಂದು ಕಥೆ ಇದೆ, ತಂಜಾವೂರಿನಲ್ಲಿ ಆಟೋದವರೂ ಹೇಳುತ್ತಾರೆ. ಶಿವಾಜಿಯ ಮಗ ಸಂಭಾಜಿ ತಂಜಾವೂರಿಗೆ ಬಂದಾಗ ಅಡುಗೆಮನೆಯಲ್ಲಿ ಆಮಟಿಗೆ ಹಾಕುವ ಮುರುಗಲು ಮುಗಿದಿತ್ತಂತೆ. ಹುಣಸೆ ಹುಳಿ ಹಾಕಿ ಮಾಡಿದರಂತೆ, ಸಂಭಾಜಿ ಹೆಸರಲ್ಲಿ ಸಾಂಬಾರ್ ಆಯಿತಂತೆ. ಕಥೆ ಚೆನ್ನಾಗಿದೆ. ಆದರೆ ಆಹಾರದ ಇತಿಹಾಸ ಬರೆದ ಕೆ.ಟಿ. ಅಚ್ಚಯ್ಯನವರು ಬೇಳೆ-ತರಕಾರಿ ಹಾಕಿದ ಹುಳಿಯ ಉಲ್ಲೇಖವನ್ನು ಗೋವಿಂದವೈದ್ಯನ 'ಕಂಠೀರವ ನರಸರಾಜ ವಿಜಯ'ದಲ್ಲಿ ತೋರಿಸುತ್ತಾರೆ. ಆ ಕಾವ್ಯ 1648ರದ್ದು. ಆಗ ತಂಜಾವೂರಿನಲ್ಲಿ ಮರಾಠರೂ ಇರಲಿಲ್ಲ, ಸಂಭಾಜಿ ಹುಟ್ಟೂ ಇರಲಿಲ್ಲ. ಹೆಸರು ಬೇಕಾದರೆ ಅವರದ್ದೇ ಇರಲಿ, ಹುಳಿ ನಮ್ಮದು. ಈ ವಿಷಯದಲ್ಲಿ ನಾನು ರಾಜಿಗೆ ತಯಾರಿಲ್ಲ! ಅಂದಹಾಗೆ ಅಲ್ಲಿ ಸಾಂಬಾರಿಗೆ ಬೆಲ್ಲ ಹಾಕುವುದಿಲ್ಲ. ಬೆಂಗಳೂರಿನ ಹೋಟೆಲುಗಳು ಕಲಿತರೆ ಒಳ್ಳೆಯದು.

ಇನ್ನು ಮಾರಾಟದ ವಿಷಯ. 1686ರಲ್ಲಿ ಬಿಜಾಪುರ ಔರಂಗಜೇಬನ ಕೈಗೆ ಬಿತ್ತು. ಬೆಂಗಳೂರು ಕೊಟ್ಟ ದಣಿಯೇ ಇಲ್ಲದ ಮೇಲೆ ಜಹಗೀರಿಗೆ ರಕ್ಷಣೆ ಎಲ್ಲಿಂದ? ತಂಜಾವೂರಿಂದ ಹೆಚ್ಚುಕಮ್ಮಿ 400 ಕಿಲೋಮೀಟರು ದೂರ. ಅಲ್ಲಿ ದಂಡು ಇಟ್ಟು ಕಾಯುವ ಖರ್ಚು ಬರುವ ಹುಟ್ಟುವಳಿಗಿಂತ ಹೆಚ್ಚು. ಮೈಸೂರಿನ ಚಿಕ್ಕದೇವರಾಜ ಒಡೆಯರು ಮೂರು ಲಕ್ಷಕ್ಕೆ ಕೇಳಿದರು, ಮಾತು ಆಯಿತು. ದುಡ್ಡು ಕೈ ಬದಲಾಗುವ ಮೊದಲೇ ಮೊಗಲರ ಸೇನಾಪತಿ ಖಾಸಿಂ ಖಾನ್ ನುಗ್ಗಿ 1687ರ ಜುಲೈ 10ರಂದು ಕೋಟೆಯ ಮೇಲೆ ಬಾವುಟ ಏರಿಸಿದ. ನಾಲ್ಕೇ ದಿನ. ಅದೇ ಮೂರು ಲಕ್ಷಕ್ಕೆ ಅವನೂ ಒಡೆಯರಿಗೇ ಬಿಟ್ಟುಕೊಟ್ಟ ಅಂತ ಬ್ರಿಟಿಷರ ಕಾಲದ ಮೈಸೂರು ಗೆಜೆಟಿಯರು ಬರೆಯುತ್ತದೆ. ಶಾಲೆಯ ಪುಸ್ತಕಗಳು ಮಾರಿದವನು ಏಕೋಜಿ ಅನ್ನುತ್ತವೆ. ತಂಜಾವೂರಿನ ವಂಶಾವಳಿಯಲ್ಲಿ ನೋಡಿದರೆ 1684ಕ್ಕೇ ಅವನ ಮಗ, ಅಜ್ಜನ ಹೆಸರಿನ ಶಹಾಜಿ, ಪಟ್ಟಕ್ಕೆ ಬಂದಾಗಿದೆ. ನನ್ನ ಅನಿಸಿಕೆ ಕೇಳಿದರೆ, ಮಾತು ಆಡಿದವರು ಅಪ್ಪನೋ ಮಗನೋ, ಬೆಂಗಳೂರು ಅವರ ಮನಸ್ಸಿಂದ ಹೋಗಿ ಹತ್ತು ವರ್ಷ ಆಗಿತ್ತು. ದೀಪಾಬಾಯಿಯನ್ನು ಕೇಳಿದರು ಅಂತ ನಾನು ಓದಿದ ಯಾವುದರಲ್ಲೂ ಇಲ್ಲ.

ಮಧ್ಯಾಹ್ನ ಅರಮನೆ. ನಾಯಕರು ಶುರುಮಾಡಿ ಮರಾಠರು ಬೆಳೆಸಿದ್ದು. ನಿರ್ವಹಣೆ ಅಷ್ಟಕ್ಕಷ್ಟೇ, ಬಣ್ಣ ಎದ್ದುಹೋಗಿರುವ ಕಡೆ ಹಾಗೇ ಇದೆ. ಸರಸ್ವತಿ ಮಹಲಿನ ಹತ್ತಾರು ಸಾವಿರ ಹಸ್ತಪ್ರತಿಗಳು ನಮ್ಮಂಥವರ ಕೈಗೆ ಸಿಗುವುದಿಲ್ಲ. ಒಂದು ಸಣ್ಣ ಮ್ಯೂಸಿಯಂ ಮಾತ್ರ ತೆರೆದಿರುತ್ತದೆ. ಮನುಷ್ಯರ ಮುಖವನ್ನು ಪ್ರಾಣಿಗಳ ಮುಖದ ಜೊತೆ ಹೋಲಿಸಿದ ಫ್ರೆಂಚ್ ಚಿತ್ರಕಾರ ಲೆ ಬ್ರುನ್‌ನ ಚಿತ್ರಗಳು ಅಲ್ಲಿವೆ. ಅದರಲ್ಲಿ ನಮ್ಮ ಮ್ಯಾನೇಜರನ್ನು ಗುರುತಿಸಿದೆ, ಯಾವ ಪ್ರಾಣಿ ಅಂತ ಕೇಳಬೇಡಿ. ಎರಡನೇ ಸರ್ಫೋಜಿ 1798ರಿಂದ 1832ರವರೆಗೆ ರಾಜ. ರಾಜ್ಯದ ಆಡಳಿತವೆಲ್ಲ ಕಂಪನಿಯ ಕೈಯಲ್ಲಿ, ಇವನಿಗೆ ಉಳಿದದ್ದು ಕೋಟೆ ಮತ್ತು ಪಿಂಚಣಿ. ಬೇರೆ ರಾಜನಾಗಿದ್ದರೆ ಬೇಟೆ, ಕುಡಿತದಲ್ಲಿ ಕಳೆಯುತ್ತಿದ್ದನೇನೋ. ಇವನು ಪುಸ್ತಕ ಕೂಡಿಸಿದ, ಕಣ್ಣಿನ ಚಿಕಿತ್ಸೆ ಮಾಡಿಸಿ ಪ್ರತಿ ರೋಗಿಯ ಕಣ್ಣಿನ ಚಿತ್ರಸಮೇತ ದಾಖಲೆ ಇಡಿಸಿದ. 1855ರಲ್ಲಿ ಅವನ ಮಗ ಗಂಡುಸಂತಾನ ಇಲ್ಲದೆ ತೀರಿಕೊಂಡಾಗ ಕಂಪನಿ ಆ ಕೋಟೆಯನ್ನೂ ತೆಗೆದುಕೊಂಡಿತು. ಬೆಂಗಳೂರು ಮಾರಿ ಉಳಿಸಿಕೊಂಡ ರಾಜ್ಯ ಹೀಗೆ ಮುಗಿಯಿತು.

ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ 13 ಕಿಲೋಮೀಟರು ದೂರದ ತಿರುವಯ್ಯಾರಿಗೆ ಹೋದೆವು. ತ್ಯಾಗರಾಜರ ಸಮಾಧಿ ಇರುವ ಊರು. ನಾನು ಸಂಗೀತದಲ್ಲಿ ದಡ್ಡ. ಅವಳ ಜೊತೆ ಸುಮ್ಮನೆ ಹೋದೆ, ಹೋಗಿದ್ದು ಒಳ್ಳೆಯದಾಯಿತು. ಕಾವೇರಿ ದಂಡೆಯಲ್ಲಿ ತ್ಯಾಗರಾಜರ ಗುಡಿ, ಅದರ ಆವರಣದಲ್ಲೇ ಅದಕ್ಕೆ ಮುಖಮಾಡಿ ಕೈಮುಗಿದು ಕೂತ ಒಬ್ಬ ಹೆಂಗಸಿನ ಮೂರ್ತಿ. ಬೆಂಗಳೂರು ನಾಗರತ್ನಮ್ಮ.

ಹೆಸರಲ್ಲೇ ಬೆಂಗಳೂರು. 1878ರಲ್ಲಿ ಹುಟ್ಟಿದ್ದು ನಂಜನಗೂಡಿನಲ್ಲಿ, ದೇವದಾಸಿ ಮನೆತನ. ಮೈಸೂರು, ಬೆಂಗಳೂರು, ಆಮೇಲೆ ಮದ್ರಾಸು. ಹಾಡಿ ದೊಡ್ಡ ಹೆಸರು, ದೊಡ್ಡ ಆಸ್ತಿ ಎರಡೂ ಮಾಡಿದಾಕೆ. ತಂಜಾವೂರಿನ ಮರಾಠ ಅರಸು ಪ್ರತಾಪಸಿಂಹನ ಆಸ್ಥಾನದಲ್ಲಿದ್ದ ಮುದ್ದುಪಳನಿ ಎಂಬ ಕವಯಿತ್ರಿಯ ತೆಲುಗು ಕಾವ್ಯ 'ರಾಧಿಕಾ ಸಾಂತ್ವನಂ' ಅನ್ನು ಹುಡುಕಿ, ಕತ್ತರಿಸದೆ 1910ರಲ್ಲಿ ಪ್ರಕಟಿಸಿದ್ದು ಈಕೆಯೇ. ಗಂಡಸರು ಶೃಂಗಾರ ಬರೆದರೆ ಕಾವ್ಯ, ಹೆಂಗಸು ಬರೆದರೆ ಅಶ್ಲೀಲ ಅನ್ನುವವರಿಗೆ ಮುನ್ನುಡಿಯಲ್ಲೇ ಉತ್ತರ ಕೊಟ್ಟರು. ಸರ್ಕಾರ ಪುಸ್ತಕವನ್ನು ನಿಷೇಧಿಸಿತು, ನಿಷೇಧ ತೆರವಾಗಿದ್ದು ಸ್ವಾತಂತ್ರ್ಯದ ಹೊತ್ತಿಗೆ.

ತ್ಯಾಗರಾಜರ ಸಮಾಧಿ ಪಾಳುಬಿದ್ದಿದೆ ಅಂತ ಗೊತ್ತಾದಾಗ ಇಲ್ಲಿಗೆ ಬಂದರು. ತಾನು ಗಳಿಸಿದ ಹಣ, ಒಡವೆ ಹಾಕಿ ಜಾಗ ಕೊಂಡು ಗುಡಿ ಕಟ್ಟಿಸಿದರು. 1925ರಲ್ಲಿ ಪ್ರತಿಷ್ಠೆ ಆಯಿತು. ಆದರೆ ಆರಾಧನೆ ನಡೆಸುತ್ತಿದ್ದ ಗಂಡಸರು ಹೆಂಗಸರಿಗೆ ಅಲ್ಲಿ ಹಾಡಲು ಬಿಡುತ್ತಿರಲಿಲ್ಲ. ಗುಡಿ ಇವರದ್ದು, ಹಾಡುವ ಹಕ್ಕು ಅವರದ್ದು! ನಾಗರತ್ನಮ್ಮ ಜಗಳಕ್ಕೆ ಕೂರಲಿಲ್ಲ, ಗುಡಿಯ ಹಿಂಭಾಗದಲ್ಲಿ ಹೆಂಗಸರದ್ದೇ ಇನ್ನೊಂದು ಆರಾಧನೆ ಶುರುಮಾಡಿದರು. ಕೊನೆಗೆ 1940ರ ಹೊತ್ತಿಗೆ ಎಲ್ಲ ಗುಂಪುಗಳೂ ಒಂದಾದವು, ಹೆಂಗಸರೂ ಹಾಡತೊಡಗಿದರು. ಕೊನೆಯ ವರ್ಷಗಳನ್ನು ಇದೇ ಊರಲ್ಲಿ ಕಳೆದು 1952ರಲ್ಲಿ ತೀರಿಕೊಂಡರು.

ನನ್ನವಳು ಆ ಮೂರ್ತಿಯ ಮುಂದೆ ಬಹಳ ಹೊತ್ತು ನಿಂತಿದ್ದಳು. ಆಮೇಲೆ ಹೊಳೆಯ ಮೆಟ್ಟಿಲ ಮೇಲೆ ಬಂದು ಕೂತೆವು. ಅಶೋಕ ಹಲ್ವ ಕಟ್ಟಿಸಿಕೊಂಡಿದ್ದೆವು, ಹೆಸರುಬೇಳೆಯದ್ದು, ಈ ಊರಿನ ವಿಶೇಷ. ಬೆರಳಿಗೆಲ್ಲ ತುಪ್ಪ.

"ತ್ವಾಟದ ಬೋರಿಗೆ ರೊಕ್ಕ ಎಲ್ಲಿಂದ ಬಂತು ಅಂದಿದ್ದಿ ನೀ?" ಇದ್ದಕ್ಕಿದ್ದಂತೆ ಕೇಳಿದಳು.

ಹೇಳಿದ್ದು ನಾನೇ, ಮದುವೆಗೆ ಮುಂಚೆ ಯಾವಾಗಲೋ. ನಾನು ಆರನೇ ಕ್ಲಾಸಿನಲ್ಲಿದ್ದಾಗ ತೋಟ ಒಣಗಿತ್ತು. ಎರಡು ಬೋರು ಫೇಲಾಗಿ ಮೂರನೆಯದಕ್ಕೆ ದುಡ್ಡಿರಲಿಲ್ಲ. ಅಮ್ಮ ನಾಲ್ಕು ಬಳೆ ಬಿಚ್ಚಿಕೊಟ್ಟಿದ್ದಳು. ಮೂರನೆಯದರಲ್ಲಿ ನೀರು ಬಂತು. ಬಳೆ ಬ್ಯಾಂಕಿಂದ ವಾಪಸ್ ಬರಲಿಲ್ಲ.

"ಮಾಮಾರು ನಿನಗ ಫೋನ್ ಮಾಡ್ಯಾರ. ನೀ ನನ್ನ ಕೇಳಿದಿ. ಅತ್ತಿಯವರನ್ನ ಯಾರರ ಕೇಳೀರೇನು?"

ಕೇಳಿರಲಿಲ್ಲ. ಅಪ್ಪ ಕೇಳಿರುತ್ತಾರೆ ಅಂತ ನಾನು, ಅದರಲ್ಲಿ ಕೇಳೋದೇನು ಅಂತ ಅಪ್ಪ. ಕೈ ತೊಳೆದುಕೊಂಡು ಅಲ್ಲಿಂದಲೇ ಫೋನ್ ಮಾಡಿದೆ. ಅಪ್ಪ ಎತ್ತಿದರು, ಅಮ್ಮನಿಗೆ ಕೊಡಿ ಅಂದೆ. "ಯಾಕೋ, ಹುಷಾರಿದೀಯಾ?" ಅಂತ ಶುರುಮಾಡಿದಳು. ವಿಷಯ ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ, ಹಿಂದೆ ಟೀವಿ ಸದ್ದು ಮಾತ್ರ. ಆಮೇಲೆ ಟೀವಿಯೂ ನಿಂತಿತು.

"ಬೋರ್ ಇರೋ ಕಡೆ ಅರ್ಧ ಎಕರೆ ಬಿಟ್ಟು ಕೊಡೋದಾದ್ರೆ ಕೊಡ್ಲಿ. ಅದು ನನಗಿರ್ಲಿ. ನಾ ಹೇಳಿದ್ರೆ ನಿಮ್ಮಪ್ಪ ಕೇಳಲ್ಲ, ನೀನೇ ಹೇಳು" ಅಂದಳು. ಫೋನು ಅಪ್ಪನ ಕೈಗೆ ಹೋಗುವ ಮೊದಲು ಮತ್ತೆ ಕೇಳಿದಳು, "ಎಲ್ಲಿದೀರಾ ಈಗ? ಅಲ್ಲಿ ನೀರೈತಾ ಹೊಳೇಲಿ?"

"ಐತಮ್ಮ" ಅಂದೆ.